ಹಿತ್ತಲಿಗೆ ಬಂದ ನವಿಲುಗಳು

ಹೋದ ಸಲ ಮಿಡಿ ಉಪ್ಪಿನಕಾಯಿ ವರ್ಷವಿಡೀ ಕೆಡದ ಹಾಗೆ ಇಡುವುದು ಹೇಗೆ ಅಂತ ಬರೆದು, ಕೊನೆಯಲ್ಲಿ ನಮ್ಮ ಹಿತ್ತಲಿನ ನವಿಲುಗಳ ಕಥೆ ಹೇಳುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕೊಟ್ಟ ಮಾತು ತಪ್ಪಬಾರದು. ಆದರೆ ಸೋದರಿಯರೆ, ನವಿಲು ಅಂದ ಕೂಡಲೇ ಬರೀ ಚೆಂದದ ಕಥೆ ಅಂತ ಕಾಲು ಚಾಚಿ ಕೂತುಬಿಡಬೇಡಿ. ಇದರಲ್ಲಿ ನನ್ನದೊಂದು ತಪ್ಪೂ ಸೇರಿದೆ. ಅದನ್ನು ಒಪ್ಪಿಕೊಳ್ಳುವುದಕ್ಕೇ ಬರೆಯುತ್ತಿದ್ದೇನೆ ಅಂದರೂ ಸರಿಯೇ.

ನಮ್ಮ ಮನೆ ಇರುವುದು ತುಮಕೂರು ಜಿಲ್ಲೆಯ ಒಂದು ಹಳ್ಳಿಯ ಕೊನೆಯಲ್ಲಿ. ಹಿಂದೆ ಒಂದಿಷ್ಟು ಹಿತ್ತಲು. ನಾಲ್ಕು ತೆಂಗು, ಒಂದು ನುಗ್ಗೆ, ಕರಿಬೇವು, ಬದನೆ, ಮೆಣಸಿನ ಗಿಡ, ಎರಡು ಮಡಿ ಸೊಪ್ಪು. ಬೇಲಿ ದಾಟಿದರೆ ಪಕ್ಕದ ಮನೆ ಅಣ್ಣಯ್ಯನವರ ಎರಡು ಎಕರೆ ಹೊಲ. ಅದರಾಚೆ ಹಳ್ಳ, ಲಂಟಾನ ಪೊದೆ, ಆಮೇಲೆ ಕಲ್ಲುಗುಡ್ಡ. ಆ ಗುಡ್ಡವೇ ನವಿಲುಗಳ ತವರು. ನಾನು ಮದುವೆಯಾಗಿ ಈ ಮನೆಗೆ ಬಂದ ಹೊಸತರಲ್ಲಿ ನವಿಲಿನ ಕೂಗು ಕೇಳುತ್ತಿತ್ತೇ ಹೊರತು ನವಿಲು ಕಾಣುವುದು ಅಪರೂಪ. ಈಗ ಹಾಗಲ್ಲ. ಹೊಲದಲ್ಲಿ, ತೋಟದಲ್ಲಿ, ಬಸ್ಸು ಓಡಾಡುವ ರಸ್ತೆಯ ಪಕ್ಕದಲ್ಲೂ ನವಿಲು.

ಕಳೆದ ವರ್ಷ ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಹಳ್ಳ ಒಣಗಿ ಹೋಯಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಪಾತ್ರೆ ತೊಳೆಯುವ ಕಲ್ಲಿನ ಹತ್ತಿರ ಮೂರು ಹೆಣ್ಣು ನವಿಲು! ನಿಂತ ನೀರಿಗೆ ಕೊಕ್ಕು ಇಟ್ಟು, ತಲೆ ಮೇಲೆತ್ತಿ ಕುಡಿಯುತ್ತಿವೆ. ನಮ್ಮತ್ತೆ ಕೈ ಮುಗಿದರು. "ಸುಬ್ರಹ್ಮಣ್ಯನ ವಾಹನ ಕಣೇ, ತಾನಾಗಿ ಬಾಗಿಲಿಗೆ ಬಂದಿದೆ. ಬರಿಗೈಲಿ ಕಳಿಸಬೇಡ" ಅಂದರು. ನಾನು ಒಂದು ಹಳೇ ಬೋಗುಣಿಯಲ್ಲಿ ನೀರಿಟ್ಟೆ. ಒಂದು ಹಿಡಿ ಮುಸುಕಿನ ಜೋಳ ಚೆಲ್ಲಿದೆ. ಅಷ್ಟೇ. ಅವತ್ತು ಚೆಲ್ಲಿದ ಒಂದು ಹಿಡಿ ಯುಗಾದಿ ಹೊತ್ತಿಗೆ ಒಂದು ಸೇರಾಯಿತು, ಮೂರು ನವಿಲು ಹದಿನೇಳಾದವು.

ಆ ಮೂರು ತಿಂಗಳು ನನಗೆ ಅಡುಗೆ ಮನೆಯ ಕಿಟಕಿಯೇ ಸಿನಿಮಾ. ಒಲೆ ಮೇಲೆ ಸಾರು ಉಕ್ಕಿದ್ದೂ ಉಂಟು, ಮರೆಮಾಚುವುದಿಲ್ಲ.

ಅವು ಬರುವುದಕ್ಕೂ ಒಂದು ಕ್ರಮ ಇತ್ತು. ಬೆಳಿಗ್ಗೆ ಆರೂವರೆಗೆ ಮೊದಲು ಒಂದು ಹೆಣ್ಣು ಬೇಲಿ ಪಕ್ಕ ಬಂದು ಕತ್ತು ನೀಡಿ ನೋಡುವುದು. ನಾಯಿ ಇಲ್ಲ ಅಂತ ಖಾತ್ರಿಯಾದ ಮೇಲೆ ಒಂದು ಹೆಜ್ಜೆ, ಮತ್ತೆ ನಿಲ್ಲುವುದು. ಹಿಂದೆಯೇ ಉಳಿದ ಹೆಣ್ಣುಗಳು. ಗಂಡು ನವಿಲುಗಳು ಕೊನೆಗೆ ಬರುತ್ತಿದ್ದವು, ಆದರೆ ಕಾಳಿಗೆ ಮಾತ್ರ ಅವುಗಳದೇ ಮೊದಲ ಪಂಕ್ತಿ. ನಮ್ಮತ್ತೆ ಕಾಲದ ಮದುವೆ ಮನೆ ಊಟ ನೆನಪಾಗುತ್ತಿತ್ತು. ಹೊಟ್ಟೆ ತುಂಬಿದ ಮೇಲೆ ನನ್ನ ಸೊಪ್ಪಿನ ಮಡಿಗೆ ಹೋಗಿ, ಮಣ್ಣು ಕೆದರಿ ಗುಂಡಿ ಮಾಡಿ, ರೆಕ್ಕೆ ಬಿಚ್ಚಿ ಧೂಳಿನ ಸ್ನಾನ. ಹಾಗೆ ಮಾಡುವುದು ಮೈಯ ಹೇನು, ಉಣ್ಣೆ ಕಳೆದುಕೊಳ್ಳಲು. ಹರಿವೆ ಸೊಪ್ಪು ಎರಡು ಸಲ ಹಾಳಾಯಿತು. ನಾನು ಬೈಯಲಿಲ್ಲ. ಪ್ರೀತಿ ಅಂದರೆ ಹಾಗೇ ಅಲ್ಲವೇ?

ವೈಶಾಖದ ಮೊದಲ ಮಳೆ ಬಿದ್ದ ಮೇಲೆ ಕುಣಿತ ಶುರುವಾಯಿತು. ಗರಿ ಬಿಚ್ಚಿದ ನವಿಲನ್ನು ಎಲ್ಲರೂ ಮುಂದಿನಿಂದ ನೋಡುತ್ತಾರೆ, ಚಿತ್ರ ಬರೆಯುವವರೂ ಹಾಗೇ. ಕಿಟಕಿಯಿಂದ ನನಗೆ ಕಾಣುತ್ತಿದ್ದುದು ಅದರ ಬೆನ್ನು! ಆಗ ಗೊತ್ತಾಯಿತು, ನಾವು ಬಾಲ ಅನ್ನುವುದು ನಿಜವಾದ ಬಾಲವೇ ಅಲ್ಲ. ಆ ನೂರೈವತ್ತರಷ್ಟು ಕಣ್ಣಿನ ಗರಿಗಳು ಬಾಲದ ಮೇಲಿಂದ ಬೆಳೆದವು. ಅದರ ಹಿಂದೆ ಕಂದು ಬಣ್ಣದ ಗಿಡ್ಡ ಬಾಲ ಬೇರೆ ಇದೆ. ಅದೇ ನೆಟ್ಟಗೆ ನಿಂತು ಇಡೀ ವೈಭವವನ್ನು ಹೊತ್ತುಕೊಂಡಿರುತ್ತದೆ. ಗರಿಗಳನ್ನು ಅದುರಿಸಿದಾಗ ಒಣ ತೆಂಗಿನ ಗರಿಗೆ ಗಾಳಿ ಹೊಡೆದ ಹಾಗೆ ಸದ್ದು ಬೇರೆ. ಇಷ್ಟೆಲ್ಲಾ ಮಾಡಿದರೂ ಎದುರಿಗಿದ್ದ ಹೆಣ್ಣು ತಲೆ ಎತ್ತದೆ ಕಾಳು ಆರಿಸುತ್ತಿತ್ತು. ನಮ್ಮವರನ್ನು ಕರೆದು ತೋರಿಸಿದೆ. "ಇದು ನಮ್ಮ ಮನೇಲೂ ನಡೆಯೋದೇ" ಅಂದು ಪೇಪರ್ ಹಿಡಿದುಕೊಂಡು ಒಳಗೆ ಹೋದರು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗಂಡು ನವಿಲಿನ ಕಣ್ಣೀರು ಕುಡಿದು ಹೆಣ್ಣು ಬಸುರಾಗುತ್ತದೆ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಹಾಗೇನಿಲ್ಲ. ಕೋಳಿ ಹುಂಜಗಳ ಹಾಗೇ ಇವುಗಳ ಸಂಸಾರವೂ. ನಾನೇ ಕಣ್ಣಾರೆ ಕಂಡಿದ್ದೇನೆ. ಮಕ್ಕಳು ಕೇಳಿದರೆ ನಿಜವನ್ನೇ ಹೇಳಿ.

ಅಮೆರಿಕದಲ್ಲಿ ಬಾಸ್ಟನ್ ಕಡೆ ಇರುವ ನನ್ನ ತಂಗಿ ಭಾನುವಾರ ಫೋನು ಮಾಡುತ್ತಾಳೆ. ನಾನು ಹೆಮ್ಮೆಯಿಂದ ವಿಡಿಯೋದಲ್ಲಿ ನವಿಲು ತೋರಿಸಿದರೆ ಅವಳು ನಕ್ಕು, "ಅಕ್ಕಾ, ನಮ್ಮ ಹಿತ್ತಲಿಗೂ ಬರ್ತಾವೆ, ನೋಡು" ಅಂತ ಕಾಡು ಟರ್ಕಿ ಕೋಳಿಗಳನ್ನು ತೋರಿಸಿದಳು. ಕಪ್ಪು ಕಂಚಿನ ಮೈ, ಬೋಳು ತಲೆ, ಗಂಡಿನ ಎದೆಯಲ್ಲಿ ಕೂದಲಿನಂಥದೊಂದು ಜುಟ್ಟು. ಅದೂ ಬಾಲವನ್ನು ಬೀಸಣಿಗೆ ಮಾಡಿ ಕುಣಿಯುತ್ತದೆ. ನವಿಲು, ಟರ್ಕಿ, ನಮ್ಮ ನಾಟಿ ಕೋಳಿ ಎಲ್ಲ ಒಂದೇ ವಂಶ. ಅವಳಿರುವ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಕಾಡು ಕಡಿದು, ಬೇಟೆಯಾಡಿ 1851ರ ಹೊತ್ತಿಗೆ ಟರ್ಕಿ ಸಂತಾನವೇ ಇಲ್ಲದಾಗಿತ್ತಂತೆ. 1972-73ರಲ್ಲಿ ನೆರೆಯ ನ್ಯೂಯಾರ್ಕ್ ರಾಜ್ಯದಿಂದ 37 ಹಕ್ಕಿ ತಂದು ಬಿಟ್ಟರು. ಅವುಗಳ ಸಂತಾನ ಈಗ 30,000ಕ್ಕೂ ಹೆಚ್ಚು. ಕಾರಿನ ಬಾಗಿಲಲ್ಲಿ ತನ್ನದೇ ಬಿಂಬ ಕಂಡು ಶತ್ರು ಅಂತ ಕುಕ್ಕುತ್ತವೆ, ಜನರನ್ನು ಅಟ್ಟಿಸಿಕೊಂಡೂ ಬರುತ್ತವೆ ಅಂದಳು. ನಮ್ಮ ಗಂಡು ನವಿಲೂ ಬಿಸಿಲಿಗೆ ಬೋರಲು ಹಾಕಿದ ಸ್ಟೀಲ್ ಕೊಳದಪ್ಪಲೆಯ ಜೊತೆ ಯುದ್ಧ ಮಾಡಿದ್ದು ನೆನಪಾಗಿ ಇಬ್ಬರೂ ನಕ್ಕೆವು.

ಆಮೇಲೆ ಅವಳು, "ನೀನು ಕಾಳು ಹಾಕ್ತೀಯಾ? ಇಲ್ಲಿ ಹಾಕಬೇಡಿ ಅಂತಾರೆ. ಹಾಕಿದರೆ ಭಯ ಹೋಗುತ್ತೆ, ಹೆದರಿಕೆ ಇಲ್ಲದ ಕಾಡು ಪ್ರಾಣಿಗೂ ಕಷ್ಟ, ಅಕ್ಕಪಕ್ಕದವರಿಗೂ ಕಷ್ಟ" ಅಂದಳು. ನನಗೆ ಸಿಟ್ಟು ಬಂತು. "ಹಸಿದ ಹಕ್ಕಿಗೆ ಒಂದು ಹಿಡಿ ಕಾಳು ಹಾಕೋದೂ ತಪ್ಪಾ? ನಿಮ್ಮ ಊರಿನ ನ್ಯಾಯ ನಿಮಗೇ ಇರಲಿ" ಅಂದು ಮಾತು ಬದಲಿಸಿದೆ.

ಆಷಾಢ ಹುಟ್ಟುವ ಮುಂಚೆ ಒಳ್ಳೆ ಮಳೆಯಾಯಿತು. ಅಣ್ಣಯ್ಯ ಕಡಲೇಕಾಯಿ ಬಿತ್ತಿದರು. ನಾಲ್ಕನೇ ದಿನ ಬೆಳಿಗ್ಗೆ ನಮ್ಮ ಜಗಲಿಗೆ ಬಂದು ಕೂತರು. ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದುಕೊಂಡೇ ಹೇಳಿದರು:

"ಒಂದು ಮಾತು ಕಣಮ್ಮ, ಬೇಜಾರು ಮಾಡ್ಕೋಬ್ಯಾಡ. ನೀವು ಹಾಕೋ ಕಾಳು ಅವಕ್ಕೆ ಬೆಳಗಿನ ತಿಂಡಿ. ಊಟಕ್ಕೆ ನಮ್ಮ ಹೊಲಕ್ಕೇ ಬರ್ತವೆ. ಅರ್ಧ ಎಕರೆ ಬೀಜ ಸಾಲು ಹಿಡಿದು ಕೆದರಿ ತಿಂದವೆ."

ನಾನೇನು ಹೇಳಬೇಕಿತ್ತು ಅಂತ ಈಗ ಗೊತ್ತಿದೆ. ಆಗ ಹೇಳಿದ್ದು ಬೇರೆ. "ಅವು ಕಾಡಿನ ಹಕ್ಕಿ ಅಣ್ಣಯ್ಯ, ನಾನೇನು ಕಟ್ಟಿ ಸಾಕಿದೀನಾ?" ಅಂದೆ. ಅವರು ಏನೂ ಅನ್ನಲಿಲ್ಲ. ಲೋಟದಲ್ಲಿ ಅರ್ಧ ಕಾಫಿ ಹಾಗೇ ಇತ್ತು, ಎದ್ದು ಹೋದರು. ಕಡಲೇ ಬೀಜದ ಬೆಲೆ ಎಷ್ಟು ಅಂತ ಸಂಸಾರ ಮಾಡುವ ನನಗೆ ಗೊತ್ತಿಲ್ಲದ್ದೇನಲ್ಲ. ಆ ಅರ್ಧ ಎಕರೆಗೆ ಅವರು ಮತ್ತೆ ಬೀಜ ತಂದು ಬಿತ್ತಿದರು.

ಅದೇ ವಾರ ನನ್ನ ಮಗಳು ಬೇಲಿಯ ಮೂಲೆಯಲ್ಲಿ ದಾಸವಾಳದ ಪೊದೆಯ ಬುಡದಲ್ಲಿ ಗೂಡು ಕಂಡುಹಿಡಿದಳು. ಗೂಡು ಅಂದರೆ ಏನೂ ಇಲ್ಲ, ನೆಲದಲ್ಲಿ ಒಂದು ತಗ್ಗು, ಒಂದಿಷ್ಟು ಒಣ ಎಲೆ. ಅದರಲ್ಲಿ ತಿಳಿ ಕೆನೆ ಬಣ್ಣದ ನಾಲ್ಕು ಮೊಟ್ಟೆ. ಕಾವು ಕೂತವಳು ನಮ್ಮ ಕುಂಟಮ್ಮ. ಬಲಗಾಲಿನ ಒಂದು ಬೆರಳಿಲ್ಲದೆ ಸ್ವಲ್ಪ ಕುಂಟುತ್ತಿದ್ದುದರಿಂದ ಮಗಳು ಇಟ್ಟ ಹೆಸರು ಅದು. ಮೊದಲ ದಿನ ನೀರಿಗೆ ಬಂದ ಮೂವರಲ್ಲಿ ಅವಳೂ ಒಬ್ಬಳು. ಇಪ್ಪತ್ತೆಂಟು ದಿನದಷ್ಟು ಕಾವು, ಅದೂ ತಾಯಿಯೊಬ್ಬಳೇ. ಆ ಕುಣಿದ ಮಹಾರಾಯ ಗೂಡಿನ ಕಡೆ ತಿರುಗಿಯೂ ನೋಡುವುದಿಲ್ಲ. ಎಲೆಯ ಬಣ್ಣದ ಮೈ, ಎಲೆಯ ಮೇಲೆ ಎಲೆಯಂತೆ ಕೂತಿರುತ್ತಿದ್ದಳು. ದಿನಕ್ಕೊಂದು ಸಲ, ನಡು ಮಧ್ಯಾಹ್ನ, ಎದ್ದು ಅವಸರದಲ್ಲಿ ಹೊಟ್ಟೆಗಿಷ್ಟು ಹುಡುಕಿಕೊಂಡು ಮತ್ತೆ ಬಂದು ಕೂರುವಳು. ಮೂರು ಹೆತ್ತ ನನಗೆ ಅವಳ ಅವಸರ ಅರ್ಥವಾಗುತ್ತಿತ್ತು.

ಇದಾಗಿ ಐದಾರು ದಿನಕ್ಕೆ, ಬೆಳಿಗ್ಗೆ ನೀರು ಹಾಕಲು ಹೋದರೆ, ನಮ್ಮ ಬೇಲಿಗೂ ಅಣ್ಣಯ್ಯನ ಹೊಲಕ್ಕೂ ನಡುವಿನ ಬದುವಿನ ಮೇಲೆ ಒಂದು ಹೆಣ್ಣು ನವಿಲು ಸತ್ತು ಬಿದ್ದಿತ್ತು. ಮಗಳು ಒಂದೇ ಉಸಿರಿಗೆ ದಾಸವಾಳದ ಹತ್ತಿರ ಓಡಿದಳು. ಕುಂಟಮ್ಮ ಕೂತಿದ್ದಳು. ಸತ್ತದ್ದು ಬೇರೆಯವಳು. ಹುಡುಗಿಗೆ ಅಳುವೋ ನಗುವೋ ತಿಳಿಯಲಿಲ್ಲ.

ನವಿಲು 1963ರಿಂದ ನಮ್ಮ ರಾಷ್ಟ್ರಪಕ್ಷಿ. 1972ರ ವನ್ಯಜೀವಿ ಕಾಯಿದೆಯಲ್ಲಿ ಹುಲಿ, ಆನೆಯ ಜೊತೆ ಮೊದಲನೇ ಪಟ್ಟಿಯಲ್ಲಿದೆ. ಕೊಂದದ್ದು ರುಜುವಾತಾದರೆ 3ರಿಂದ 7 ವರ್ಷ ಜೈಲು. ಸತ್ತು ಬಿದ್ದ ನವಿಲನ್ನು ನಾವಾಗಿ ಹೂಳುವಂತಿಲ್ಲ, ಗರಿ ಕೀಳುವಂತಿಲ್ಲ, ಅರಣ್ಯ ಇಲಾಖೆಗೆ ತಿಳಿಸಬೇಕು. ನಮ್ಮವರು ಫೋನು ಮಾಡಿದರು. ಗಾರ್ಡ್ ಬಂದರು, ಮಧ್ಯಾಹ್ನದ ಹೊತ್ತಿಗೆ ಪಶು ವೈದ್ಯರೂ ಬಂದರು. ಊರಿನ ಅರ್ಧ ಜನ ಬೇವಿನ ಮರದ ಕೆಳಗೆ.

ವೈದ್ಯರು ಗಂಟಲ ಕೆಳಗಿನ ಕಾಳಿನ ಚೀಲ ಬಿಡಿಸಿ ಬಿಳಿ ಬಟ್ಟೆಯ ಮೇಲೆ ಹರಡಿದರು. ಗುಲಾಬಿ ಬಣ್ಣದ ಕಡಲೇ ಬೀಜ. ಗೊಣ್ಣೆಹುಳು, ಬೇರುಕೊಳೆ ಬರದಿರಲೆಂದು ಬಿತ್ತುವ ಮುಂಚೆ ಔಷಧಿ ಬೆರೆಸುತ್ತಾರಲ್ಲ, ಆ ಬೀಜ. ಅದರ ಜೊತೆಗೇ ಹಳದಿಯ ಮುಸುಕಿನ ಜೋಳ. ನಾನು ಹಾಕಿದ್ದು. ಅಣ್ಣಯ್ಯನ ಬೀಜ, ನನ್ನ ಕಾಳು, ಒಂದೇ ಚೀಲದಲ್ಲಿ.

"ಯಾರ ಮೇಲಾದರೂ ಅನುಮಾನ ಇದೆಯೇ?" ಅಂತ ಗಾರ್ಡ್ ನಮ್ಮನ್ನು ಕೇಳಿದರು. ಜನ ಅಣ್ಣಯ್ಯನ ಮುಖ ನೋಡಿದರು. ಅವರು ಟವೆಲಿನಲ್ಲಿ ಕೈ ಒರೆಸುತ್ತಾ ನಿಂತಿದ್ದರು. ಒರೆಸುವುದಕ್ಕೆ ಕೈಯಲ್ಲಿ ಏನೂ ಇರಲಿಲ್ಲ. ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತು ವರ್ಷದಿಂದ ನಾವಿಬ್ಬರೂ ಹೆಪ್ಪಿಗೆ ಮಜ್ಜಿಗೆ ಕೊಟ್ಟು ತಂದವರು.

ನಾಲ್ಕು ಜನ ಗಂಡಸರ ಮುಂದೆ ನಾನು ಮಾತಾಡುವವಳಲ್ಲ. ಅವತ್ತು ಮಾತಾಡಿದೆ. "ಇವರು ವಿಷ ಇಟ್ಟಿಲ್ಲ ಸಾರ್. ಎಲ್ಲರೂ ಬಿತ್ತುವ ಹಾಗೆ ಬಿತ್ತಿದ್ದಾರೆ. ನಾಲ್ಕು ತಿಂಗಳಿಂದ ಕಾಳು ಹಾಕಿ ಇವನ್ನು ಇಲ್ಲಿಗೆ ಕರೆದವಳು ನಾನು. ಅವರು ಬಂದು ಹೇಳಿದರೂ ನಿಲ್ಲಿಸಲಿಲ್ಲ" ಅಂದೆ. ಗಾರ್ಡ್ ಹೊಲಕ್ಕೆ ಹೋಗಿ ನೋಡಿದರು. ಮೇಲೆ ಚೆಲ್ಲಿದ ಕಾಳು ಒಂದೂ ಇರಲಿಲ್ಲ, ಸಾಲಿನಲ್ಲಿ ಮಣ್ಣು ಮುಚ್ಚಿ ಬಿತ್ತಿದ್ದನ್ನು ನವಿಲೇ ಕೆದರಿದ ಗುರುತು ಸ್ಪಷ್ಟವಾಗಿತ್ತು. ಹಾಗೆಯೇ ಮಹಜರು ಬರೆದರು, ನವಿಲನ್ನು ಸುಟ್ಟರು. ಹೊರಡುವಾಗ ನನಗೆ ಮೆತ್ತಗೆ ಹೇಳಿದರು, "ಅಮ್ಮಾ, ನಿಮ್ಮ ಮನಸ್ಸು ಒಳ್ಳೆಯದೇ. ಆದರೆ ಅವಕ್ಕೆ ಹುಳ, ಗೆದ್ದಲು, ಹುಲ್ಲಿನ ಬೀಜ ಹುಡುಕಿ ತಿನ್ನೋದು ಗೊತ್ತಿದೆ. ಅದನ್ನು ಮರೆಸಬೇಡಿ."

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪುಣ್ಯ ನನಗೆ, ನಷ್ಟ ಅಣ್ಣಯ್ಯನಿಗೆ, ಪ್ರಾಣ ನವಿಲಿನದು. ನನ್ನ ಖರ್ಚಿನಲ್ಲಿ ಧರ್ಮ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ಲೆಕ್ಕ ಬರೆದದ್ದು ಬೇರೆಯವರ ಹೊಲದಲ್ಲಿ.

ಕಾಳು ನಿಲ್ಲಿಸಿದೆ. ಅದೇನು ಸುಲಭವೇ? ಗಂಡು ನವಿಲುಗಳು ಒಂದು ವಾರ ಹಿಂಬಾಗಿಲಿಗೆ ಬಂದು, ಬಾಗಿಲನ್ನೂ ನನ್ನನ್ನೂ ನೋಡುತ್ತಾ ನಿಂತಿರುತ್ತಿದ್ದವು. ಒಂದಂತೂ ಖಾಲಿ ಬೋಗುಣಿಯನ್ನು ಕುಕ್ಕಿ ಸದ್ದು ಮಾಡುತ್ತಿತ್ತು. "ಬಾಗಿಲಿಗೆ ಬಂದವರಿಗೆ ಇಲ್ಲ ಅನ್ನೋದೇ?" ಅಂತ ಅತ್ತೆ ಊಟ ಸೇರದೆ ಕೂತರು. ನನಗೆ ಇನ್ನೂ ದೊಡ್ಡ ಚಿಂತೆ ಕುಂಟಮ್ಮನದು. ಮಧ್ಯಾಹ್ನ ಏಳುವ ಅವಳು ಇಲ್ಲಿ ಕಾಳಿಲ್ಲ ಅಂದರೆ ನೇರ ಆ ಹೊಲಕ್ಕೆ ಹೋದರೆ? ನಾಲ್ಕು ಮೊಟ್ಟೆ ತಣ್ಣಗಾದಾವು.

ದಾರಿ ಹೇಳಿದವರು ಅಣ್ಣಯ್ಯನ ಹೆಂಡತಿ, ನಮ್ಮ ಅತ್ತಿಗೆ. "ಮೊಳಕೆ ಮೇಲೆ ಬಂದು ಗಿಡ ನಿಲ್ಲೋವರೆಗೆ ಹತ್ತು ಹನ್ನೆರಡು ದಿನ ಕಾದರೆ ಸಾಕು. ಹಿಂದೆ ನಮ್ಮವ್ವ ಅಟ್ಟಣೆ ಮೇಲೆ ಕೂತು ಹಕ್ಕಿ ಕಾಯ್ತಿರಲಿಲ್ವಾ?" ಅಂದರು. ಹಾಗೇ ಆಯಿತು. ಬೆಳಿಗ್ಗೆ ಆರರಿಂದ ಎಂಟೂವರೆ, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ ನವಿಲು ಮೇಯುವ ಹೊತ್ತು. ಆ ಹೊತ್ತಿನಲ್ಲಿ ಹೆಂಗಸರಿಬ್ಬರೂ ಬದುವಿನ ಮೇಲೆ. ನಾನು ಹುರುಳಿಕಾಯಿ ನಾರು ತೆಗೆಯುತ್ತಾ, ಅವರು ಅವರೆ ಬಿಡಿಸುತ್ತಾ. ನವಿಲು ಇಳಿದರೆ ಮಗಳು ತಟ್ಟೆ ಬಡಿಯುವಳು. ಮಧ್ಯಾಹ್ನ ನಮ್ಮತ್ತೆ ಕುಂಟಮ್ಮನಿಗಾಗಿಯೇ ಹಿತ್ತಲ ಬಾಗಿಲಲ್ಲಿ ಕೋಲು ಹಿಡಿದು ಕೂರುತ್ತಿದ್ದರು. ಆದರೆ ಅವಳು ಹೊಲದ ಕಡೆ ಹೋಗಲೇ ಇಲ್ಲ. ನಮ್ಮ ತಿಪ್ಪೆ ಪಕ್ಕ ಕೊಳೆತ ತೆಂಗಿನ ಮಟ್ಟೆ ಕೆದರಿ ಗೆದ್ದಲು ಹೆಕ್ಕಿಕೊಂಡು, ಹತ್ತೇ ನಿಮಿಷಕ್ಕೆ ಹಿಂದಿರುಗುವಳು. ನಾನು ಹಾಕದಿದ್ದರೆ ಉಪವಾಸ ಬೀಳುತ್ತಾಳೆ ಅಂದುಕೊಂಡಿದ್ದೆನಲ್ಲ!

ಶ್ರಾವಣದ ಎರಡನೇ ವಾರ ಮೂರು ಮೊಟ್ಟೆ ಒಡೆದವು. ನಾಲ್ಕನೆಯದು ಹಾಗೇ ಉಳಿಯಿತು. ಮರಿಗಳು ಮರುದಿನವೇ ತಾಯಿಯ ಹಿಂದೆ ನಡೆದವು. ತಾಯಿ ಹುಳ ಹಿಡಿದು ಕೊಕ್ಕಿನಲ್ಲೇ ಇಟ್ಟುಕೊಂಡು ನಿಲ್ಲುವಳು, ಮರಿ ಬಂದು ಅಲ್ಲಿಂದಲೇ ಕಿತ್ತುಕೊಳ್ಳುವುದು. ಸಂಜೆಯೊಳಗೆ ಬೇಲಿಯಾಚೆ ಹಳ್ಳದ ಪೊದೆಗೆ ಕರೆದುಕೊಂಡು ಹೊರಟೇ ಹೋದಳು. ತಿರುಗಿ ನೋಡಲಿಲ್ಲ. ಹದಿನೈದು ದಿನ ಕಳೆದ ಮೇಲೆ ಹೊಂಗೆ ಮರದ ತಗ್ಗಿನ ಕೊಂಬೆಯಲ್ಲಿ ಅವಳನ್ನು ಕಂಡೆ. ಅಷ್ಟರಲ್ಲೇ ಕೊಂಬೆಗೆ ಹಾರುವಷ್ಟು ರೆಕ್ಕೆ ಬಂದ ಎರಡು ಮರಿ ಅವಳ ಎರಡೂ ಪಕ್ಕ. ಮೂರನೆಯದನ್ನು ಮುಂಗುಸಿಯೋ ಬೆಕ್ಕೋ ಒಯ್ದಿರಬೇಕು. ನಾನು ಹತ್ತಿರ ಹೋದೆ. ಅವಳು ಕೂಗು ಹಾಕಿ ಮರಿಗಳ ಸಮೇತ ಹಾರಿಹೋದಳು. ನನ್ನ ಕೈಯ ಕಾಳು ತಿಂದವಳು ನನ್ನನ್ನು ಕಂಡು ಹೆದರಿದಳಲ್ಲ ಅಂತ ಒಂದು ಕ್ಷಣ ನೋವಾಯಿತು. ಆಮೇಲೆ, ಹೆದರಿದ್ದೇ ಒಳ್ಳೆಯದಾಯಿತು ಅನ್ನಿಸಿತು.

ನಿಮ್ಮ ಹಿತ್ತಲಿಗೂ ನವಿಲು ಬರುತ್ತಿದ್ದರೆ ಇಷ್ಟು ನೆನಪಿಡಿ. ನೋಡಿ, ಮಕ್ಕಳಿಗೂ ತೋರಿಸಿ, ಕಾಳು ಮಾತ್ರ ಹಾಕಬೇಡಿ. ಸೊಪ್ಪಿನ ಮಡಿ ಉಳಿಯಬೇಕಾದರೆ ಮೊಳಕೆ ಬಲಿಯುವವರೆಗೆ ಮುಳ್ಳು ಕಡ್ಡಿ ಅಡ್ಡ ಇಡಿ, ಇಲ್ಲವೇ ಹಳೇ ಸೀರೆ ಎಳೆದು ಕಟ್ಟಿ. ಗೂಡು ಕಂಡರೆ ಮೊಟ್ಟೆ ಮುಟ್ಟಬೇಡಿ, ಕೋಳಿಯ ಕಾವಿಗೆ ಇಡುವ ಆಸೆ ಬೇಡ, ಅದು ಕಾನೂನಿಗೂ ವಿರುದ್ಧ. ನಾಯಿಯನ್ನು ಆ ದಿನಗಳಲ್ಲಿ ಕಟ್ಟಿಹಾಕಿ. ಔಷಧಿ ಹಾಕಿದ ಬೀಜ ಅಂಗಳದಲ್ಲಿ ಚೆಲ್ಲದ ಹಾಗೆ ನೋಡಿಕೊಳ್ಳಿ. ಅದು ನವಿಲಿಗೆ ಮಾತ್ರವಲ್ಲ, ನಿಮ್ಮ ಕೋಳಿಗೂ ಮಕ್ಕಳಿಗೂ ಅಪಾಯ. ಮಳೆಗಾಲ ಮುಗಿಯುವ ಹೊತ್ತಿಗೆ ಗಂಡು ನವಿಲು ಗರಿಯನ್ನೆಲ್ಲ ತಾನಾಗಿಯೇ ಉದುರಿಸುತ್ತದೆ. ಗರಿಯ ಆಸೆಗೆ ಯಾರೂ ಹಕ್ಕಿಯ ಮೈ ಮುಟ್ಟಬೇಕಾಗಿಲ್ಲ.

ಬೇಸಿಗೆಯಲ್ಲಿ ನೀರು ಇಡಬಹುದೇ ಅಂತ ಕೇಳುತ್ತೀರಿ. ಅದಕ್ಕೆ ನಮ್ಮತ್ತೆ ಕೊಟ್ಟ ತೀರ್ಪು ಇದು: "ನೀರಿಡು, ಕಾಳು ಬೇಡ. ನೀರು ಕುಡಿದರೆ ಯಾರ ಹೊಲವೂ ಹಾಳಾಗಲ್ಲ." ನಾನು ದಿನಾ ಬೋಗುಣಿ ತೊಳೆದು ಹೊಸ ನೀರು ಇಡುತ್ತೇನೆ. ಬರುತ್ತವೆ, ಕುಡಿಯುತ್ತವೆ, ಹೋಗುತ್ತವೆ.

ದೀಪಾವಳಿ ಮುಗಿದ ಮೇಲೆ ಅಣ್ಣಯ್ಯ ಕಡಲೇಕಾಯಿ ಕಿತ್ತರು. ಎರಡನೇ ಸಲ ಬಿತ್ತಿದ ಅರ್ಧ ಎಕರೆ ತಡವಾಗಿ ಬಂತು, ಇಳುವರಿಯೂ ಕಡಿಮೆ. ಆ ಬೀಜದ ದುಡ್ಡು ನಾವು ಕೊಡುತ್ತೇವೆ ಅಂದರೆ ತೆಗೆದುಕೊಳ್ಳಲಿಲ್ಲ. ಬದಲಿಗೆ ಒಂದು ಮಂಕರಿ ಹಸಿ ಕಡಲೇಕಾಯಿ ತಂದು ಜಗಲಿಯ ಮೇಲೆ ಸುರಿದರು. ಕಲ್ಲುಪ್ಪು ಹಾಕಿ ಬೇಯಿಸಿದೆ, ಎರಡೂ ಮನೆಯವರು ಕೂತು ತಿಂದೆವು. ಅವತ್ತು ಅಣ್ಣಯ್ಯ ಕಾಫಿ ಪೂರ್ತಿ ಕುಡಿದರು.

ಮಿಕ್ಕ ಹಸಿ ಬೀಜದಲ್ಲಿ ಅತ್ತಿಗೆ ಹೇಳಿಕೊಟ್ಟ ಹುಳಿ ಮಾಡಿದ್ದೆ, ಮಕ್ಕಳು ಪಾತ್ರೆ ಒರೆಸಿ ತಿಂದರು. ಅದನ್ನು ಮುಂದಿನ ಸಲ ಬರೆಯುತ್ತೇನೆ. ಬರಲೇ?